ರಿಪೇರಿಗೆ ಕೊಟ್ಟು ಮರೆತ ರೇಡಿಯೋಗಳು

ಸಭೆಯ ಅಧ್ಯಕ್ಷರಾದ ಪಾರ್ಥಸಾರಥಿ ಮೇಷ್ಟ್ರೇ, ಎದುರು ಮನೆಯ ಜಗಲಿಯ ಮೇಲೆ ಕುಳಿತಿರುವ ಗೋದಮ್ಮನವರೇ, ಅವರ ಮಗಳು ಚೂಡಾಮಣಿಯವರೇ, ಮದ್ದೂರು ಪೇಟೆಯ ಅಂಗಡಿಯವರೇ, ಮಳವಳ್ಳಿ ಬಸ್ಸು ಇಳಿದು ನೇರವಾಗಿ ಇಲ್ಲಿಗೇ ಬಂದವರೇ, ನಮ್ಮ ಬೆಸಗರಹಳ್ಳಿ ಕಡೆಯ ಅಣ್ಣಂದಿರೇ, ಅಕ್ಕಂದಿರೇ — ಎಲ್ಲರಿಗೂ ನಮಸ್ಕಾರ. ಮೈಕು ಇಲ್ಲ. ಹಿಂದಿನವರಿಗೆ ಕೇಳಿಸದಿದ್ದರೆ ಕೈ ಎತ್ತಿ. ಎತ್ತಿದರೂ ಇದಕ್ಕಿಂತ ಜೋರಾಗಿ ಮಾತನಾಡುವ ಶಕ್ತಿ ಈವತ್ತು ನನಗಿಲ್ಲ.

ನಾನು ಸಿದ್ದರಾಜು. ನನ್ನ ಬೆನ್ನ ಹಿಂದೆ ಹಲಗೆ ಬಾಗಿಲು ಮುಚ್ಚಿದೆಯಲ್ಲ, ಆ ರೇಡಿಯೋ ಅಂಗಡಿಯಲ್ಲಿ ಬಲಗಡೆಯ ಮೇಜು ನನ್ನದು. ಎಡಗಡೆಯ ಮೇಜು ನಮ್ಮನ್ನು ಬಿಟ್ಟು ಹೋದ ಚಲುವನಾರಾಯಣ ಅವರದು. ಹೀಗೆ ಪೂರ್ತಿ ಹೆಸರು ಹೇಳಿದರೆ ನಿಮ್ಮಲ್ಲಿ ಅರ್ಧ ಜನ "ಯಾರದು?" ಎಂದು ಪಕ್ಕದವರನ್ನು ಕೇಳುತ್ತೀರಿ. ನಮಗೆಲ್ಲ ಅವರು ರೇಡಿಯೋ ಐನೋರು. ನಿನ್ನೆ ಅವರ ವೈಕುಂಠ ಸಮಾರಾಧನೆ ಮುಗಿಯಿತು. ಊಟಕ್ಕೆ ಬಂದವರು ಬಂದಿರಿ, ಹೋದಿರಿ. ಆದರೂ ಪೇಟೆಯವರ ಕಡೆಯಿಂದ ಒಂದು ಸಭೆ ಆಗಲಿ, ಅಂಗಡಿಯ ಮುಂದೆಯೇ ಆಗಲಿ ಎಂದು ಮೇಷ್ಟ್ರು ಹೇಳಿದರು. ಅದಕ್ಕೇ ಈ ಶಾಮಿಯಾನ, ಈ ಬೆಂಚುಗಳು.

"ಸಿದ್ದರಾಜು, ನಾಲ್ಕು ಒಳ್ಳೆಯ ಮಾತು ಆಡಪ್ಪ" ಎಂದಿದ್ದಾರೆ ಮೇಷ್ಟ್ರು. ಆಡುತ್ತೇನೆ. ಆದರೆ ಐನೋರು ದೇವರಂಥ ಮನುಷ್ಯ ಎಂದೇನಾದರೂ ನಾನು ಅಂದರೆ, ಈ ಫೋಟೋದೊಳಗಿಂದಲೇ "ಸುಳ್ಳು ಯಾಕಯ್ಯ ಹೇಳ್ತೀಯ" ಎಂದು ಗದರಿಬಿಡುತ್ತಾರೆ. ಅವರು ಮೊಂಡರು. ಮೂಗಿನ ತುದಿಯಲ್ಲೇ ಕೋಪ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಆ ಮೊಂಡುತನದಿಂದಲೇ ಹೋದರು. ಈ ಮಾತನ್ನು ಅವರ ಮನೆಯವರಾದ ಗೋದಮ್ಮನವರ ಎದುರಿಗೇ ಹೇಳುತ್ತಿದ್ದೇನೆ — ಅವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಈ ಬಾಗಿಲ ಹಿಂದೆ ಏನಿದೆ ಎಂದು ನಿಮಗೆಲ್ಲ ಗೊತ್ತು. ನೆಲದಿಂದ ಅಟ್ಟದವರೆಗೆ ಮರದ ರೇಡಿಯೋಗಳು. ವಾಲ್ವ್ ರೇಡಿಯೋಗಳು — ಸ್ವಿಚ್ಚು ಹಾಕಿದರೆ ಒಳಗಿನ ಗಾಜಿನ ಬುರುಡೆಗಳು ಕೆಂಪಗೆ ಕಾದು, ಆಮೇಲೆ ನಿಧಾನವಾಗಿ ಬಾಯಿ ಬಿಡುವಂಥವು. ಅದರಲ್ಲಿ ಒಂದೂ ಅಂಗಡಿಯದಲ್ಲ. ಎಲ್ಲವೂ ನಿಮ್ಮವು. ರಿಪೇರಿಗೆ ಎಂದು ತಂದು ಕೊಟ್ಟಿರಿ. ಐನೋರು ರಿಪೇರಿ ಮಾಡಿದರು. ನೀವು ಬರಲಿಲ್ಲ.

ಈಗ ಕಟ್ಟಡದ ಯಜಮಾನರಿಗೆ ಅಂಗಡಿ ಬೇಕಂತೆ, ಗೊಬ್ಬರದ ಡಿಪೋ ಮಾಡುತ್ತಾರಂತೆ. ಅವರದೇನೂ ತಪ್ಪಿಲ್ಲ, ಬಹಳ ಕಾಲ ತಾಳಿಕೊಂಡರು. ಸೋಮವಾರ ಮೈಸೂರಿನಿಂದ ಗುಜರಿಯವನು ಲಾರಿ ತರುತ್ತಾನೆ. ಒಳಗಿನ ತಾಮ್ರವನ್ನು ಕಿತ್ತುಕೊಂಡು, ಮರದ ಪೆಟ್ಟಿಗೆಗಳನ್ನು ಬಚ್ಚಲ ಒಲೆಗೆ ಮಾರುತ್ತಾನೆ. ನನಗೂ ಅದೇ ಸರಿ ಎನ್ನಿಸಿತ್ತು. ಆದರೆ ನಿನ್ನೆ ಎಲೆ ಎತ್ತಿದ ಮೇಲೆ ಗೋದಮ್ಮನವರು ನನ್ನನ್ನು ಕರೆದರು. "ಬೇರೆಯವರ ಮನೆ ಪದಾರ್ಥ ಗುಜರಿಗೆ ಹಾಕಲ್ಲ ಅಂತಲೇ ಅವರು ಹೋದರು ಸಿದ್ದರಾಜು. ಹೇಗಾದರೂ ಮಾಡಿ ಅವರವರ ಕೈಗೆ ಸೇರಿಸಪ್ಪ" ಎಂದರು. ಹೂಂ ಎಂದೆ. ಆ ಸಮಯದಲ್ಲಿ ಇನ್ನೇನು ಅನ್ನಲಿ? ಮನೆಗೆ ಹೋಗಿ ತಲೆ ಮೇಲೆ ಕೈ ಹೊತ್ತು ಕೂತೆ.

ಇಲ್ಲಿರುವ ಮಕ್ಕಳಿಗೆ ಆ ಕಾಲ ಗೊತ್ತಿರಲಾರದು. ಎಲ್ಲರ ಕೈಯಲ್ಲೂ ಈಗ ಟ್ರಾನ್ಸಿಸ್ಟರ್ ಇದೆ. ಆಗ ಒಂದು ಮನೆಗೆ ರೇಡಿಯೋ ಬರುವುದೆಂದರೆ ಹೊಸ ಸೊಸೆ ಬಂದ ಹಾಗೆ. ಐನೋರೇ ಖುದ್ದು ಹೋಗಬೇಕು. ಮಾಡಿನ ಮೇಲೆ ಗಳ ನಿಲ್ಲಿಸಿ ಏರಿಯಲ್ ತಂತಿ ಕಟ್ಟಬೇಕು. ಇನ್ನೊಂದು ತಂತಿ, ಅರ್ತ್ ತಂತಿ, ಅದನ್ನು ಯಾವಾಗಲೂ ಒದ್ದೆಯಾಗಿರುವ ಮಣ್ಣಿನಲ್ಲಿ ಹೂಳಬೇಕು. ಎಲ್ಲಿ ಹೂಳುವುದು? ಐನೋರು ತುಳಸಿಕಟ್ಟೆಯ ಬುಡ ತೋರಿಸುತ್ತಿದ್ದರು. ಬೆಳಿಗ್ಗೆ ಮನೆಯಾಕೆ ತುಳಸಿಗೆ ನೀರು ಹಾಕಿದ್ದರೆ ಸಂಜೆ ರೇಡಿಯೋ ಕರಕರ ಎನ್ನದೆ ಮಾತನಾಡುತ್ತದೆ. ನಮ್ಮ ಊರಿನಲ್ಲಿ ಎಷ್ಟೋ ಯಜಮಾನರು "ತುಳಸೀಗೆ ನೀರು ಉಯ್ದಾ ಅಮ್ಮಿ? ವಾರ್ತೆ ಒತ್ತಾಯ್ತು" ಎಂದು ಕೂಗುತ್ತಿದ್ದದ್ದು ಭಕ್ತಿ ಉಕ್ಕಿ ಬಂದು ಅಲ್ಲ. — ನಗಿ, ಪರವಾಗಿಲ್ಲ. ಐನೋರಿಗೂ ಇದನ್ನು ಹೇಳಿದರೆ ನಗು ಬರುತ್ತಿತ್ತು.

ಕೂಡಿಸಿ ಕೊಟ್ಟ ಮೇಲೆ ಅರಿಸಿನ ಕುಂಕುಮ. ಕಸೂತಿ ಹಾಕಿದ ಬಟ್ಟೆಯ ಹೊದಿಕೆ. ಅದನ್ನು ಮುಟ್ಟುವ ಹಕ್ಕು ಮನೆಯಲ್ಲಿ ಒಬ್ಬರಿಗೆ ಮಾತ್ರ. ಬೀದಿಯವರೆಲ್ಲ ಜಗಲಿಗೆ ಬಂದು ಕೂರುವವರು. ಬಾಂಗ್ಲಾ ಯುದ್ಧದ ಸಮಯದಲ್ಲಿ ಇದೇ ಅಂಗಡಿಯ ಮುಂದೆ ವಾರ್ತೆ ಕೇಳಲು ಎಷ್ಟು ಜನ ನಿಲ್ಲುತ್ತಿದ್ದರು ಎಂದರೆ, ಬಸ್ಸಿನವರು ಹಾರ್ನು ಹೊಡೆಯುವುದನ್ನು ಬಿಟ್ಟು ತಾವೂ ಇಳಿದು ಬಂದು ನಿಲ್ಲುತ್ತಿದ್ದರು. ಐನೋರು ಬಾಗಿಲಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತು, ಯಾರಾದರೂ ಕೆಮ್ಮಿದರೂ ಹೀಗೆ — ಹೀಗೆ ಕಣ್ಣು ಬಿಟ್ಟು ನೋಡುತ್ತಿದ್ದರು. ಅವರಿಗೆ ಅದು ಒಳ್ಳೆಯ ಕಾಲ.

ಇನ್ನೊಂದು ವಿಷಯ. ಆಗ ಗಂಡಿಗೆ ಹೆಣ್ಣಿನ ಕಡೆಯವರು ವಾಚು, ಸೈಕಲ್ಲು ಕೊಡುತ್ತಿದ್ದರು, ಅನುಕೂಲಸ್ಥರಾದರೆ ರೇಡಿಯೋ. ಹಾಗಾಗಿ ಈ ಬಾಗಿಲ ಹಿಂದೆ ಇರುವ ಪೆಟ್ಟಿಗೆಗಳಲ್ಲಿ ಮುಕ್ಕಾಲು ಪಾಲು ಯಾರದೋ ಮಾವ ಕೊಟ್ಟದ್ದು. ಆಮೇಲೆ ಏನಾಯಿತು? ಟ್ರಾನ್ಸಿಸ್ಟರ್ ಬಂತು. ಕರೆಂಟು ಬೇಡ, ಏರಿಯಲ್ ಬೇಡ, ತುಳಸಿಕಟ್ಟೆಯೂ ಬೇಡ. ಸೆಲ್ಲು ಹಾಕಿ ಆಲೆಮನೆಯ ಕಂಬಕ್ಕೆ ನೇತು ಹಾಕಿದರೆ ಬೆಲ್ಲ ಆಗುವ ತನಕ ಹಾಡುತ್ತದೆ. ಕಬ್ಬಿನ ಗಾಡಿ ಹೊಡೆಯುವವನು ಮೂಕಿಗೆ ಕಟ್ಟಿಕೊಂಡು ಮಂಡ್ಯದ ಫ್ಯಾಕ್ಟರಿ ತನಕ ಕೇಳುತ್ತಾನೆ. ಮರದ ರೇಡಿಯೋಗಾದರೆ ಸರಿಯಾದ ಕರೆಂಟು ಬೇಕು. ನಮ್ಮ ಹಳ್ಳಿಗಳ ಕರೆಂಟು ನಿಮಗೆ ಗೊತ್ತಲ್ಲ. ಬಲ್ಬು ಉರಿಯುತ್ತಿದೆಯೋ ಇಲ್ಲವೋ ಎಂದು ನೋಡಲು ಬೆಂಕಿಕಡ್ಡಿ ಗೀರಬೇಕು.

ಸರಿ, ಮನೆಗೆ ಟ್ರಾನ್ಸಿಸ್ಟರ್ ಬಂತು. ಈಗ ಈ ದೊಡ್ಡ ಪೆಟ್ಟಿಗೆಯನ್ನು ಏನು ಮಾಡುವುದು? ಮಾರೋಣ ಎಂದರೆ ಮಾವ ಕೊಟ್ಟದ್ದು. ಹಬ್ಬಕ್ಕೆ ಬಂದಾಗ ಕೇಳುತ್ತಾರೆ, ಹೆಂಡತಿ ಮುಖ ಊದಿಸುತ್ತಾಳೆ. ಇಟ್ಟುಕೊಳ್ಳೋಣ ಎಂದರೆ ಮಂಚದಷ್ಟು ಜಾಗ. ಆಗ ನಮ್ಮ ಮದ್ದೂರು, ಮಳವಳ್ಳಿ ತಾಲ್ಲೂಕಿನ ಜನ ಒಂದು ಉಪಾಯ ಕಂಡುಕೊಂಡರು. ಬೇರೆ ಕಡೆಯವರಿಗೆ ಈ ಬುದ್ಧಿ ಬಂತೋ ಇಲ್ಲವೋ ನಾನು ಕಾಣೆ. ಐನೋರ ಅಂಗಡಿಗೆ ರಿಪೇರಿಗೆ ಕೊಡುವುದು. ಕೊಟ್ಟು ಮರೆತುಬಿಡುವುದು. ಮಾವ ಬಂದು "ರೇಡಿಯಾ ಎಲ್ಲಪ್ಪ?" ಎಂದು ಕೇಳಿದರೆ, "ರಿಪೇರಿಗೆ ಕೊಟ್ಟಿವ್ನಿ ಮಾವ." ಮಾರಿದ ಹಾಗೂ ಆಗಲಿಲ್ಲ, ಎಸೆದ ಹಾಗೂ ಆಗಲಿಲ್ಲ. ಮರ್ಯಾದೆಯೂ ಉಳಿಯಿತು, ಜಾಗವೂ ಉಳಿಯಿತು.

ಈ ಗುಟ್ಟು ನನಗೆ ಬೇಗ ತಿಳಿಯಿತು. ಐನೋರಿಗೆ ತಿಳಿಯಲಿಲ್ಲವೋ, ತಿಳಿದೂ ತಿಳಿಯದ ಹಾಗೆ ಇದ್ದರೋ, ಈವತ್ತಿಗೂ ನನಗೆ ಗೊತ್ತಿಲ್ಲ. ರಿಪೇರಿಗೆ ಎಂದು ಬಂದದ್ದನ್ನು ಅವರು ರಿಪೇರಿ ಮಾಡಿಯೇ ಮಾಡುತ್ತಿದ್ದರು. ಅಲ್ಲೇ ಎಡವಟ್ಟಾದದ್ದು.

ಚೌಡಯ್ಯಣ್ಣ ಇಲ್ಲೇ ಎರಡನೇ ಬೆಂಚಿನಲ್ಲಿ ಕೂತಿದ್ದಾರೆ. ನಮ್ಮೂರಿನವರೇ. ಚೌಡಯ್ಯಣ್ಣ, ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮದನ್ನು ಹೇಳಿಬಿಡುತ್ತೇನೆ. ಇವರ ರೇಡಿಯೋ ರೆಡಿಯಾಗಿ ವರ್ಷಗಟ್ಟಲೆ ಆಗಿತ್ತು. ಬರಲಿಲ್ಲ. ಐನೋರು ಒಂದು ದಿನ ಅದನ್ನು ಟವಲಿನಲ್ಲಿ ಸುತ್ತಿ, ಬಸ್ಸು ಹತ್ತಿ, ಬೆಸಗರಹಳ್ಳಿಗೇ ಹೋದರು. ಹೋದದ್ದು ಎಂಥ ದಿನ? ಇವರ ಮಾವ ಬಂದು ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತ ದಿನ! "ತಗೋಳಯ್ಯ ಚೌಡಯ್ಯ, ರೆಡಿಯಾಗಿ ಕಾಲವಾಯ್ತು, ನೀನು ಬರಲೇ ಇಲ್ಲ" ಎಂದು ಅವರ ಮುಂದೆಯೇ ಇಳಿಸಿದರು. ಮಾವ ಅಳಿಯನ ಮುಖ ನೋಡಿದರಂತೆ. "ಏನಪ್ಪ ಅಳಿಮಯ್ಯ, ಸಾಮಾನು ಸಿಕ್ಕಾಕಿಲ್ಲ, ಬೊಂಬಾಯಿಂದ ಬರಬೇಕು ಅಂತಿದ್ದೆ?" ಎಂದರಂತೆ.

ಮಾವ ಊರಿಗೆ ಹೋದದ್ದೇ ತಡ, ರೇಡಿಯೋ ಮತ್ತೆ ನಮ್ಮ ಅಂಗಡಿಗೆ ಬಂತು. "ಕೆಟ್ಟೋಗದೆ ಐನೋರೆ, ಇಲಿ ಕಡುದ್ಬುಡ್ತು" ಎಂದರು. ಐನೋರು ಹಿಂದಿನ ಹಲಗೆ ಬಿಚ್ಚಿ ನೋಡಿದರು. ತಂತಿ ನೀಟಾಗಿ, ಬ್ಲೇಡಿನಿಂದ ಕುಯ್ದ ಹಾಗೆ ಎರಡು ತುಂಡಾಗಿತ್ತು. ನಾನೂ ನೋಡಿದೆ. ಏನಾದರೂ ಅನ್ನುತ್ತಾರೆ ಎಂದು ಕಾದೆ. ಅವರು ಬೆಸುಗೆ ಹಾಕಿ ಮುಚ್ಚಿದರು. "ಆಯ್ತು, ತಗೊಂಡು ಹೋಗು" ಎಂದರು. "ಬತ್ತೀನಿ, ಸಂತೆ ಮುಗುಸ್ಕಂಡು ಬಂದು ತಕ್ಕೋಯ್ತೀನಿ" ಎಂದು ಚೌಡಯ್ಯಣ್ಣ ಹೊರಟರು. ಆ ಸಂತೆ ಇನ್ನೂ ಮುಗಿದಿಲ್ಲ. — ಬೇಡ ಚೌಡಯ್ಯಣ್ಣ, ತಲೆ ತಗ್ಗಿಸಬೇಡಿ. ಇಲ್ಲಿ ನಗುತ್ತಿರುವವರಲ್ಲಿ ಬಹಳ ಜನರದು ಇದೇ ಕತೆ. ನಿಮ್ಮನ್ನು ಹೇಳಿದ್ದು ನೀವು ಕೋಪ ಮಾಡಿಕೊಳ್ಳುವುದಿಲ್ಲ ಎಂಬ ಸಲುಗೆಯಿಂದ.

ನನ್ನ ಮೇಜಿನ ವಿಷಯ ಹೇಳುತ್ತೇನೆ. ಟ್ರಾನ್ಸಿಸ್ಟರ್ ಬಂದ ಹೊಸದರಲ್ಲಿ "ಇಬ್ಬರೂ ಕಲಿಯೋಣ ಐನೋರೇ" ಎಂದು ಅಂಗಲಾಚಿದೆ. ಕೇಳಲಿಲ್ಲ. "ಅದೊಂದು ಸೋಪಿನ ಡಬ್ಬಿ ಕಣಯ್ಯ. ರೇಡಿಯೋ ಕೇಳೋಕೆ ಮನುಷ್ಯ ಕೂರಬೇಕು. ನಡೀತಾ, ಉಗೀತಾ, ಎಮ್ಮೆ ತೊಳೀತಾ ಕೇಳೋದು ಕೇಳೋದಾ?" ಎಂದರು. ನಾನು ಕಲಿತೆ. ನನ್ನ ಮೇಜಿಗೆ ಜನ ಬಂದರು. ಅವರ ಮೇಜಿಗೆ ಬರುವವರು ನಿಂತರು. ನನ್ನ ಕಡೆ ಬಂದ ಗಿರಾಕಿಗಳನ್ನು ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಯಾರಾದರೂ ತಪ್ಪಿ ಅವರ ಮುಂದೆ ಟ್ರಾನ್ಸಿಸ್ಟರ್ ಇಟ್ಟರೆ ಎರಡು ಬೆರಳಲ್ಲಿ ಎತ್ತಿ, ಹೀಗೆ, ಸತ್ತ ಹಲ್ಲಿಯನ್ನು ಎತ್ತಿದ ಹಾಗೆ ಎತ್ತಿ ನನ್ನ ಮೇಜಿನ ಮೇಲೆ ಹಾಕುತ್ತಿದ್ದರು. ಅದೆಷ್ಟು ಜಗಳ ಆಡಿದ್ದೇವೆ! ಎಷ್ಟೋ ಸಲ, ಇನ್ನು ನಾಳೆಯಿಂದ ಬೇರೆ ಅಂಗಡಿ ಇಡುತ್ತೇನೆ ಎಂದು ಮನೆಗೆ ಹೋಗಿ, ಬೆಳಿಗ್ಗೆ ಎದ್ದು ಇಲ್ಲಿಗೇ ಬಂದಿದ್ದೇನೆ.

ಗೋದಮ್ಮನವರು ಅಪ್ಪಣೆ ಕೊಟ್ಟಿದ್ದಾರೆ, ಅದಕ್ಕೇ ಇದನ್ನೂ ಹೇಳುತ್ತೇನೆ. ಅವರ ಹತ್ತಿರ ಒಂದು ಟ್ರಾನ್ಸಿಸ್ಟರ್ ಇತ್ತು. ಮಗಳು ಚೂಡಾಮಣಿ ತಂದುಕೊಟ್ಟದ್ದು. ಯಜಮಾನರಿಗೆ ಗೊತ್ತಾಗಬಾರದೆಂದು ಅಮ್ಮನವರು ಅದನ್ನು ಅಕ್ಕಿ ಡಬ್ಬದಲ್ಲಿ ಇಡುತ್ತಿದ್ದರು. ಮಧ್ಯಾಹ್ನ ಮಹಿಳೆಯರ ಕಾರ್ಯಕ್ರಮ ಕೇಳುವುದು, ಹೊರಗೆ ಐನೋರ ಕೆಮ್ಮು ಕೇಳಿಸಿದರೆ ಅಕ್ಕಿಯೊಳಗೆ ಹೂತುಬಿಡುವುದು. ಅಕ್ಕಿಯ ಧೂಳು ಸೇರಿ ಅದು ಕೆಟ್ಟರೆ ಹೂವಿನವಳ ಕೈಲಿ ನನಗೆ ಕಳಿಸುತ್ತಿದ್ದರು. ನಾನು ಕಳ್ಳನ ಹಾಗೆ ಐನೋರು ಊಟಕ್ಕೆ ಹೋದಾಗ ಅದನ್ನು ಸರಿ ಮಾಡುತ್ತಿದ್ದೆ. ಹೀಗೇ ನಡೆಯುತ್ತಿತ್ತು. ಒಂದು ದಿನ ಐನೋರು ವಾಲ್ವ್ ಒರೆಸುತ್ತಾ, ತಲೆ ಎತ್ತದೆ ಹೇಳಿದರು: "ಸಿದ್ದರಾಜು, ಆ ಅಕ್ಕಿ ಡಬ್ಬದ್ದು ವಾಲ್ಯೂಮ್ ತಿರುಗಿಸಿದರೆ ಕರ್ ಅನ್ನತ್ತೆ. ಸರಿಯಾಗಿ ಮಾಡಿ ಕೊಡಯ್ಯ. ಹಿತ್ತಿಲಲ್ಲಿ ಕೂತು ಕೇಳೋಕೆ ಆಗಲ್ಲ."

ಅಮ್ಮನವರು ನಗುತ್ತಿದ್ದಾರೆ. ನಗಲಿ. ಇಷ್ಟು ದಿನದಲ್ಲಿ ಇದೇ ಮೊದಲು.

ಆದರೆ ಆ ಮರದ ರೇಡಿಯೋಗಳ ವಿಷಯದಲ್ಲಿ ಮಾತ್ರ ಅವರು ಬಗ್ಗಲಿಲ್ಲ. ಪ್ರತಿ ಶುಕ್ರವಾರ ಅವುಗಳ ಧೂಳು ಹೊಡೆದು, ಒಂದೊಂದನ್ನೇ ಇಳಿಸಿ, ಕರೆಂಟು ಕೊಟ್ಟು, ಕಾದು ಮಾತನಾಡುವ ತನಕ ನಿಂತು ಕೇಳಿ, ಮತ್ತೆ ಮೇಲಿಡುತ್ತಿದ್ದರು. ಸುಮ್ಮನೆ ಬಿಟ್ಟರೆ ಶೀತ ಹಿಡಿಯುತ್ತದೆ, ಇಲಿ ಗೂಡು ಕಟ್ಟುತ್ತದೆ ಎನ್ನುವರು. ಒಂದು ವಾಲ್ವ್ ಸತ್ತರೆ ಹೊಸದು ಎಲ್ಲಿ ಸಿಗುತ್ತದೆ? ಬೆಂಗಳೂರಿನಲ್ಲೂ ಸಿಗುತ್ತಿರಲಿಲ್ಲ. ಇನ್ಯಾವುದೋ ಸೆಟ್ಟಿನಿಂದ ತೆಗೆದು ಹಾಕಿ ಎಂದೆ. "ಅದು ಬೇರೆಯವರದು" ಎಂದರು. ಯಾರೂ ಬರದ ಸಾಮಾನು ಅದು, ಯಾರದಾದರೇನು ಎಂದು ರೇಗಿದೆ. ಆವತ್ತು ಸಂಜೆ ಅವರು ಕೆಲಸ ನಿಲ್ಲಿಸಿ ನನ್ನ ಕಡೆ ತಿರುಗಿ ಕೂತರು.

"ಬರ್ತಾರೆ ಅಂತ ನಾನು ಕಾಯ್ತಾ ಇಲ್ಲ ಕಣಯ್ಯ, ಅಷ್ಟು ಹುಚ್ಚು ನನಗೆ ಹಿಡಿದಿಲ್ಲ. ಅವರು ತಂದು ಇಟ್ಟಾಗ ನಾನು ಏನಂದೆ? ಸರಿ ಮಾಡಿ ಕೊಡ್ತೀನಿ ಅಂದೆ. ಸರಿ ಮಾಡಿದೆ. ಕೊಡ್ತೀನಿ ಅಂದದ್ದು ಹಾಗೇ ಉಳೀತು."

ಅಷ್ಟೇ. ಅದಕ್ಕೆ ಇನ್ನೇನೂ ದೊಡ್ಡ ಅರ್ಥ ಇಲ್ಲ. ನಾವಾಗಿದ್ದರೆ ಒಂದು ಕಾಗದ ಬರೆದು ಕೈ ತೊಳೆದುಕೊಳ್ಳುತ್ತಿದ್ದೆವು. ಅವರು ಹಾಗೆ ಮಾಡಲಿಲ್ಲ. ಕಟ್ಟಡದ ಯಜಮಾನರು ಖಾಲಿ ಮಾಡಿ ಎಂದ ಮೇಲೆ ಒಂದೊಂದೇ ರೇಡಿಯೋ ಹೊತ್ತುಕೊಂಡು ಊರೂರಿಗೆ ಹೊರಟರು. ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದರು. ನಾನು ಹೇಳಿದೆ. ಅಮ್ಮನವರು ಅತ್ತರು. ಕೇಳಬೇಕಲ್ಲ! ಒಬ್ಬರಾದರೂ ತೆಗೆದುಕೊಂಡರೇ? ಇಲ್ಲ. ಎಲ್ಲರೂ ಮರ್ಯಾದೆಯಿಂದಲೇ ಮಾತನಾಡಿಸಿದರು. ಮಣೆ ಹಾಕಿದರು, ಎಳನೀರು ಕೆತ್ತಿಕೊಟ್ಟರು. "ಇನ್ನೊಂದಿನ ನಾವೇ ಬಂದು ತಕ್ಕತೀವಿ ಬುಡಿ ಬುದ್ದಿ" ಎಂದರು. ಐನೋರು ಮತ್ತೆ ಅದನ್ನೇ ಹೊತ್ತುಕೊಂಡು ಬರುವುದು, ಅದೇ ಜಾಗದಲ್ಲಿ ಇಡುವುದು.

ಕಡೆಯ ಸಲ ಮಳವಳ್ಳಿಗೆ ಹೋದರು. ಆವತ್ತು ಒಯ್ದದ್ದು ಇದೇ ರೇಡಿಯೋ — ಫೋಟೋದ ಪಕ್ಕ ಮೇಜಿನ ಮೇಲೆ ಇಟ್ಟಿದ್ದೇನಲ್ಲ, ಇದು. ಇದರ ಯಜಮಾನರು ಯಾರೆಂದು ನಾನು ಹೇಳುವುದಿಲ್ಲ. ಅವರು ಇಲ್ಲಿ ಬಂದಿದ್ದಾರೆ. ಅವರನ್ನು ಯಾರೂ ತಿರುಗಿ ನೋಡಬೇಡಿ. ಅವರು ಆವತ್ತು ಐನೋರಿಗೆ ಕಾಫಿ ಕೊಟ್ಟರು, ಬಿಸಿಲಿದೆ, ಸ್ವಲ್ಪ ಮಲಗಿ ಹೋಗಿ ಎಂದರು. ರೇಡಿಯೋ ಮಾತ್ರ ಬೇಡ, ಮನೆ ತುಂಬ ಸಾಮಾನಾಗಿದೆ ಎಂದರು. ತಪ್ಪು ಅವರದಲ್ಲ. ನನ್ನ ಮನೆಗೆ ತಂದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೋ ಏನೋ.

ಬಸ್ಸು ಮದ್ದೂರಿಗೆ ಬಂದು ನಿಂತಿತು. ಎಲ್ಲರೂ ಇಳಿದರು. ಇವರು ಇಳಿಯಲಿಲ್ಲ. ಕಂಡಕ್ಟರು ಪುಟ್ಟರಾಜು ಇವರಿಗೆ ನಿದ್ದೆ ಹತ್ತಿದೆ ಎಂದುಕೊಂಡು ಸುಮ್ಮನಿದ್ದನಂತೆ. ಆಮೇಲೆ ನಮ್ಮ ಅಂಗಡಿಗೆ ಓಡಿಬಂದ. "ಸಿದ್ದಣ್ಣ, ಐನೋರು ಏಳ್ತಾ ಇಲ್ಲ ಕಣಣ್ಣ, ಬಾ ಬೇಗ" ಎಂದ. ಹೋಗಿ ನೋಡಿದೆ. ರೇಡಿಯೋ ತೊಡೆಯ ಮೇಲಿತ್ತು. ಎರಡು ಕೈಯೂ ಅದರ ಸುತ್ತ ಇದ್ದವು. ಆ ಬೆರಳುಗಳನ್ನು ನಾನೇ ಬಿಡಿಸಿದೆ.

— ಒಂದು ಗಳಿಗೆ ತಾಳಿ. ನೀರು ಕುಡಿಯುತ್ತೇನೆ.

ನನಗೆ ಅಳುವಿಗಿಂತ ಕೋಪ ಬಂತು, ನಿಜ ಹೇಳುತ್ತೇನೆ. ಇಷ್ಟು ದಿನ ಆಯಿತು, ಇನ್ನೂ ಇಳಿದಿಲ್ಲ. ಯಾರಿಗೂ ಬೇಡವಾದ ಪೆಟ್ಟಿಗೆಗೆ ಒಂದು ಜೀವವೇ? ಅವರ ಮೇಲೆ ಕೋಪ, ನಿಮ್ಮ ಮೇಲೆ ಕೋಪ, ಆ ಟ್ರಾನ್ಸಿಸ್ಟರ್ ಕಂಡುಹಿಡಿದವನ ಮೇಲೂ ಕೋಪ. ಅದರಿಂದಲೇ ನನ್ನ ಮನೆಯ ಒಲೆ ಉರಿಯುತ್ತಿರುವುದು, ಆದರೂ ಕೋಪ. ಮೊನ್ನೆ ಒಬ್ಬರು ಟೇಪ್ ರೆಕಾರ್ಡರ್ ತಂದಿದ್ದರು, ರಿಪೇರಿ ಮಾಡುತ್ತೀರಾ ಎಂದರು. "ಅದನ್ನೆಲ್ಲ ನಾನು ಮುಟ್ಟಲ್ಲ" ಎಂದೆ. ಅಂದ ಮೇಲೆ ಗಾಬರಿಯಾಯಿತು. ಮಾತು ನನ್ನದು, ದನಿ ಐನೋರದು. ಬೆಂಗಳೂರಿಗೆ ಟೆಲಿವಿಷನ್ ಬರುತ್ತದಂತೆ. ಇನ್ನು ಸ್ವಲ್ಪ ಕಾಲಕ್ಕೆ ನನ್ನ ಮೇಜಿನ ಗಿರಾಕಿಗಳೂ ಟ್ರಾನ್ಸಿಸ್ಟರ್ ರಿಪೇರಿಗೆ ಕೊಟ್ಟು ಮರೆಯುತ್ತಾರೆ. ಅದಕ್ಕೆ ನಾನು ಹೆದರುವುದಿಲ್ಲ. ಅಂಥದ್ದನ್ನು ನೋಡಿ ನೋಡಿ ಸಾಕಾಗಿದೆ.

ಈಗ ಗೋದಮ್ಮನವರ ಮಾತಿಗೆ ಬರುತ್ತೇನೆ. ಅವರವರ ಕೈಗೆ ಸೇರಿಸಪ್ಪ ಎಂದರಲ್ಲ. ಐನೋರ ಹಾಗೆ ಹೊತ್ತುಕೊಂಡು ಮನೆಮನೆಗೆ ಬರಲು ನನ್ನಿಂದ ಆಗುವುದಿಲ್ಲ. ನನ್ನ ಸೊಂಟದಲ್ಲಿ ಬಲ ಇಲ್ಲ, ಅವರಿಗಿದ್ದ ಹಟವೂ ಇಲ್ಲ. ಅಮ್ಮನವರೇ, ದಯವಿಟ್ಟು ಕ್ಷಮಿಸಿ. ನನ್ನ ಕೈಲಾಗುವುದು ಒಂದೇ. ಯಾರದು ಒಳಗಿದೆಯೋ ಅವರೆಲ್ಲ, ಹೆಚ್ಚುಕಡಿಮೆ, ಈಗ ನನ್ನ ಕಣ್ಣ ಮುಂದೆಯೇ ಕೂತಿದ್ದೀರಿ. ಐನೋರ ಮೇಲಿನ ಪ್ರೀತಿಗೆ ಬಂದಿದ್ದೀರಿ, ಅದರಲ್ಲಿ ಸುಳ್ಳಿಲ್ಲ. ಹಾರ ತಂದಿದ್ದೀರಿ. ಹಾರ ಸಾಕು.

ರಿಪೇರಿ ಕೂಲಿಯ ಮಾತು ಯಾರೂ ಎತ್ತಬೇಡಿ, ಅಮ್ಮನವರಿಗೆ ಅದು ಬೇಡ. ಮನೆಗೆ ಹೋಗಿ ಅದನ್ನು ಹಾಡಿಸಿ ಎಂದೂ ಹೇಳುವುದಿಲ್ಲ. ಕರೆಂಟಿಲ್ಲದ ಊರಿನಲ್ಲಿ ಏನು ಹಾಡಿಸುತ್ತೀರಿ? ಅಟ್ಟದ ಮೇಲಿಡಿ. ಭತ್ತದ ಮೂಟೆಯ ಕೆಳಗಿಡಿ. ಒಡೆದು ಒಲೆಗೆ ಹಾಕಿದರೂ ನಾನು ಕೇಳುವುದಿಲ್ಲ — ನಿಮ್ಮ ಮಾವ ಕೊಟ್ಟದ್ದು, ನಿಮ್ಮ ಒಲೆ. ಒಂದು ಸಲ ನಿಮ್ಮ ಕೈಯಿಂದ ಈ ಬಾಗಿಲು ದಾಟಿಸಿದರೆ ಸಾಕು. ಐನೋರು ಕೊಡ್ತೀನಿ ಅಂದಿದ್ದರು, ಕೊಟ್ಟ ಹಾಗಾಗುತ್ತದೆ. ತೆಗೆದುಕೊಳ್ಳದೆ ಉಳಿದವು ಸೋಮವಾರ ಲಾರಿ ಹತ್ತುತ್ತವೆ. ಅದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ.

ಇಂಥ ಸಭೆಯ ಕೊನೆಯಲ್ಲಿ ಎಲ್ಲರೂ ಎದ್ದು ನಿಂತು ಮೌನ ಆಚರಿಸುವುದು ಪದ್ಧತಿ. ಮೇಷ್ಟ್ರೇ, ಆ ಪದ್ಧತಿಯನ್ನು ಸ್ವಲ್ಪ ಮುರಿಯುತ್ತೇನೆ, ಒಪ್ಪಿಕೊಳ್ಳಿ. ಎಲ್ಲರೂ ಈಗಲೇ ಏಳಬೇಡಿ. ಯಾರು ತಮ್ಮ ರೇಡಿಯೋ ತೆಗೆದುಕೊಂಡು ಹೋಗುತ್ತೀರೋ, ಅವರು ಮಾತ್ರ ಮೊದಲು ಎದ್ದು ನಿಲ್ಲಿ.

—

ಅವಸರ ಇಲ್ಲ.

—

ಯಾರೂ ಇಲ್ಲವೇ?

ಅಲ್ಲಿ, ಹೆಂಗಸರ ಕಡೆ ಯಾರೋ ಎದ್ದರು. ಯಾರಮ್ಮ ಅದು? ಬೆಳ್ಳಮ್ಮನವರಾ? ನೀವು ಕಾಲು ನೋವಿನವರು, ಕೂತೇ ಹೇಳಬಹುದಿತ್ತಲ್ಲ ತಾಯಿ. ಏನಂದಿರಿ? ಕೇ‍ಳಿಸಲಿಲ್ಲ, ಜೋರಾಗಿ ಹೇಳಿ. — "ನಮ್ಮಪ್ಪ ನನ್ನ ಮದ್ವೆಲಿ ಕೊಟ್ಟುದ್ದು ಕಣಪ್ಪ. ಅದ್ಯಾವತ್ತೋ ಗುಜ್ರಿಗೋಯ್ತು ಅಂತ ನಮ್ಮೋರು ಅಂದಿದ್ರು. ಐತಾ ಅದು?"

ಇದೆ ತಾಯಿ. ಇದೆ. ಐನೋರು ತಾವು ಹೋಗುವ ಮುಂಚಿನ ಶುಕ್ರವಾರವೂ ಅದನ್ನು ಹಚ್ಚಿ ನೋಡಿದ್ದರು. ಚೆನ್ನಾಗಿ ಮಾತನಾಡುತ್ತೆ.

ನಿಂತಿರಿ. ಚೌಡಯ್ಯಣ್ಣ ಎದ್ದರು. ಸರಿ ಅಣ್ಣ. ಅವರ ಹಿಂದೆ ಇನ್ನೊಬ್ಬರು. ಆ ಕಡೆ ಇಬ್ಬರು. ಬೆಂಚು ಸರಿಸಿ, ಅವರಿಗೆ ಏಳಲು ಜಾಗ ಬಿಡಿ. ಎಳನೀರು ಅಂಗಡಿಯವರೂ ಎದ್ದರೇ? ನಿಮ್ಮದೂ ಇದೆ, ಮೇಲಿನ ಅಟ್ಟದಲ್ಲಿ. ಇನ್ನೂ ಏಳುತ್ತಿದ್ದಾರೆ ಅಮ್ಮನವರೇ, ನೋಡಿ.

ಮಳವಳ್ಳಿಯವರೂ ಎದ್ದು ನಿಂತಿದ್ದಾರೆ.

ನೀವು ಮುಂದೆ ಬರಬೇಡಿ ಸ್ವಾಮಿ, ಅಲ್ಲೇ ನಿಲ್ಲಿ. ನಿಮ್ಮದನ್ನು ಗೋದಮ್ಮನವರು ಕೊಡುತ್ತಾರೆ. ಅವರ ಕೈಯಿಂದಲೇ ತೆಗೆದುಕೊಳ್ಳಿ.

ಎದ್ದವರು ಯಾರೂ ಕೂರಬೇಡಿ. ಇನ್ನು ಉಳಿದವರೂ ಏಳಿ. ಟೋಪಿ, ಪೇಟ ತೆಗೆಯಿರಿ. ಮಾತು ಸಾಕು — ಒಂದು ನಿಮಿಷ, ಎಲ್ಲರೂ ಹಾಗೇ ನಿಂತಿರೋಣ.